ನೀರಿನ ಕೊಡ, ನನ್ನ ಹರ್ನಿಯಾ ಮತ್ತು ಅಮ್ಮ ಕೊಟ್ಟ ಉತ್ತರ

ನಮ್ಮೂರ ಗುಡಿಯ ಅಮ್ಮನನ್ನು ನಂಬಿ ಬದುಕುತ್ತಿರುವ ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಚೌತಿಗೆ ಹದಿನೈದು ದಿನ ಇರುವಾಗ ನನ್ನ ಬಲತೊಡೆಯ ಸಂದಿಯಲ್ಲಿ ಲಿಂಬೆಕಾಯಿ ಗಾತ್ರದ ಒಂದು ಗಂಟು ಕಾಣಿಸಿಕೊಂಡಿತು. ನಿಂತರೆ, ಕೆಮ್ಮಿದರೆ ಹೊರಗೆ ಬರುತ್ತಿತ್ತು. ಅಂಗಾತ ಮಲಗಿದರೆ ಒಳಗೆ ಹೋಗುತ್ತಿತ್ತು. ಇಂಥ ಜಾಗದ ಕಾಯಿಲೆಯನ್ನು ಬರೆದು ನಾಲ್ಕು ಜನರಿಗೆ ತಿಳಿಸುವುದು ಮರ್ಯಾದೆಯೇ ಎಂದು ಹೆಂಡತಿ ಶಾರದಾ ಕೇಳಿದಳು. ನನ್ನ ಮರ್ಯಾದೆ ಎಷ್ಟರದ್ದು ಎಂಬುದು ಕೊನೆಯವರೆಗೆ ಓದಿದವರಿಗೆ ಗೊತ್ತಾಗುತ್ತದೆ.

ನಾನು ಹೊನ್ನಾವರ ಪೇಟೆಯಲ್ಲಿ ಟೈಲರ್. ಐವತ್ನಾಲ್ಕು ವರ್ಷ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಷಿನ್ ಮುಂದೆ ಕೂತಿರುವವನು. ಆದ್ದರಿಂದ ಡಾಕ್ಟರು ನೋಡಿ ‘ಇದು ಹರ್ನಿಯಾ, ಆಪರೇಶನ್ ಮಾಡಿಸಿ’ ಎಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಹರ್ನಿಯಾ ಆಗುವುದು ಭಾರ ಎತ್ತುವವರಿಗೆ, ಚಿರೆಕಲ್ಲು ಲೋಡ್ ಮಾಡುವವರಿಗೆ ಎಂದೇ ನಾನು ತಿಳಿದಿದ್ದೆ. ಕತ್ತರಿಗಿಂತ ಭಾರದ್ದನ್ನು ಎತ್ತದ ನನಗೆ ಯಾಕೆ? ಭಾರ ಎತ್ತದೆ ಬಂದಿದೆ ಎಂದ ಮೇಲೆ ಇದು ದೇವರ ಕಡೆಯಿಂದಲೇ ಬಂದದ್ದು, ನನ್ನಿಂದ ಏನೋ ತಪ್ಪಾಗಿದೆ ಎಂದುಕೊಂಡೆ.

ನಮ್ಮೂರಿನವರು ಹೀಗೆ ಗೊಂದಲವಾದಾಗ ಎಂತ ಮಾಡುತ್ತಾರೆ ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ದೂರದವರಿಗಾಗಿ ಹೇಳುತ್ತೇನೆ. ಅಮ್ಮನ ಗುಡಿಗೆ ಹೋಗಿ ಪ್ರಸಾದ ಕೇಳುತ್ತೇವೆ. ಅರ್ಚಕರು ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ಮೂರ್ತಿಯ ಎರಡೂ ಬದಿಗೆ ಅಂಟಿಸುತ್ತಾರೆ. ನಮ್ಮ ಪ್ರಶ್ನೆಯನ್ನು ಅಮ್ಮನ ಮುಂದೆ ಇಡುತ್ತಾರೆ. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮನೆ ಕಟ್ಟುವುದಿರಲಿ, ಮದುವೆಯಿರಲಿ, ಆಸ್ಪತ್ರೆಯಿರಲಿ, ಆ ಎಸಳು ಬೀಳದೆ ನಮ್ಮ ಮನೆಯಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟವರಿಲ್ಲ.

ನಾನು ಮೂರು ಶುಕ್ರವಾರ ಹೋದೆ. ‘ಈ ಕಾಯಿಲೆ ನನ್ನ ತಪ್ಪಿನಿಂದ ಬಂದದ್ದೇ?’ ಎಂದು ಕೇಳಿಸಿದೆ. ಮೂರು ಸಲವೂ ಎಸಳು ಬೀಳಲಿಲ್ಲ. ಬಲವೂ ಇಲ್ಲ, ಎಡವೂ ಇಲ್ಲ. ಮೂರನೆಯ ಸಲ ಮುಕ್ಕಾಲು ಗಂಟೆ ಕೈಮುಗಿದು ನಿಂತಿದ್ದೆ, ಗಂಟು ಹೊರಗೆ ಬಂದು ಜಗ್ಗುತ್ತಿತ್ತು.

‘ಪ್ರಶ್ನೆ ಸಮಾ ಇಲ್ಲ ಕಾಣ್ತದೆ ಮಾರಾಯ’ ಎಂದರು ಅರ್ಚಕರು. ‘ಬದಲು ಮಾಡಿ ಕೇಳು.’

ನನಗೆ ಸಿಟ್ಟು ಬಂತು. ಅಲ್ಲೇ ನಿಂತು ಮನಸ್ಸಿನಲ್ಲಿ ಹೇಳಿಬಿಟ್ಟೆ: ‘ಅಮ್ಮಾ, ನನ್ನ ತಪ್ಪು ಯಾವುದು ಎಂದು ನೀನೇ ತೋರಿಸು. ತೋರಿಸುವವರೆಗೆ ನಾನು ಆಪರೇಶನ್ ಮಾಡಿಸುವುದಿಲ್ಲ.’ ಇದು ಪ್ರಾರ್ಥನೆಯೋ ಹಠವೋ ನೀವೇ ಹೇಳಿ. ಆ ಹಠದಲ್ಲೇ ಎಂಟು ತಿಂಗಳು ಸೊಂಟಕ್ಕೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಹೋದೆ. ಶಾರದಾ ಅತ್ತಳು, ಬೈದಳು, ಮಾತು ಬಿಟ್ಟಳು. ಗಂಟು ಲಿಂಬೆಕಾಯಿಯಿಂದ ಮಾವಿನಕಾಯಿಯಷ್ಟಾಯಿತು. ಬೀಡಿ ಮಾತ್ರ ಬಿಡಲಿಲ್ಲ. ಬೀಡಿ ಸೇದಿ ಕೆಮ್ಮುವುದು, ಕೆಮ್ಮಿದಾಗ ಕೈಯಿಂದ ಗಂಟು ಒತ್ತಿ ಹಿಡಿಯುವುದು.

ಇಲ್ಲಿ ನನ್ನ ತಂಗಿ ನಾಗವೇಣಿಯ ವಿಷಯ ಹೇಳಬೇಕು. ನನಗಿಂತ ಐದು ವರ್ಷ ಚಿಕ್ಕವಳು. ಭಟ್ಕಳದ ಹತ್ತಿರ ಹೆಬಳೆಗೆ ಕೊಟ್ಟಿದ್ದೆವು. ಇಪ್ಪತ್ತೆರಡು ವರ್ಷದ ಹಿಂದೆ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ನಮ್ಮನ್ನು ಹೆತ್ತ ತಾಯಿ, ನಮ್ಮ ಆಯಿಯೇ, ಬಾಣಂತನ ಮಾಡಿದರು. ಮಗಳು ಹುಟ್ಟಿದಳು. ಗಂಡನ ಮನೆಗೆ ವಾಪಸು ಹೋದ ಕೆಲವೇ ತಿಂಗಳಲ್ಲಿ ಅವಳ ಗರ್ಭಕೋಶ ಕೆಳಕ್ಕೆ ಜಾರಿತು. ಹೆಂಗಸರು ಬಾಯಿಬಿಟ್ಟು ಹೇಳಲಾರದ ಕಷ್ಟ ಅದು. ‘ಬಾಣಂತಿ ಇರುವಾಗ ತವರಲ್ಲಿ ಭಾರ ಎತ್ತಿಸಿದ್ದಾರೆ, ಹಾಳು ಮಾಡಿ ಕಳಿಸಿದ್ದಾರೆ’ ಎಂದು ಅವಳ ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ನನಗೆ ಉರಿದುಹೋಯಿತು. ನಮ್ಮ ಮನೆಯಲ್ಲಿ ಬಾಣಂತಿಗೆ ಒಂದು ಚೊಂಬನ್ನೂ ಎತ್ತಲು ಬಿಟ್ಟಿಲ್ಲ ಎಂಬ ಜಂಬ ನನಗೆ. ಎರಡೂ ಮನೆಯವರು ಅಮ್ಮನ ಗುಡಿಗೆ ಬರಲಿ, ಪ್ರಸಾದವಾಗಲಿ ಎಂದೆ. ಪ್ರಶ್ನೆಯನ್ನೂ ನಾನೇ ಕಟ್ಟಿದೆ: ‘ಹೆರಿಗೆಯಾಗಿ ನಲವತ್ತು ದಿನದ ಒಳಗೆ ಇವಳು ನಮ್ಮ ಮನೆಯಲ್ಲಿ ಭಾರ ಎತ್ತಿದ್ದು ಹೌದಾದರೆ ಬಲಕ್ಕೆ ಕೊಡು.’

ಅರ್ಚಕರು ಹೇಳಿ ಮುಗಿಸುವ ಮೊದಲೇ ಬಲಗಡೆಯ ಎಸಳು ಬಿತ್ತು.

ಎಲ್ಲರ ಮುಂದೆ ನನ್ನ ಮುಖ ಸುಟ್ಟಂತಾಯಿತು. ನಾನು ತಂಗಿಯ ಕಡೆ ತಿರುಗಿ, ‘ಯಾರಿಗೂ ಹೇಳ್ದೇ ಭಾರ ಎತ್ತೂದಾ? ಮನೆ ಮರ್ಯಾದೆ ತೆಗೆಯೂಕಾ?’ ಎಂದು ಕೂಗಿದೆ. ಅವಳು ನೀರಿನ ಕೊಡ ಎತ್ತಿದ್ದು ಹೌದು ಎಂದಷ್ಟೇ ಹೇಳಿ ನೆಲ ನೋಡುತ್ತ ನಿಂತಳು. ಅವತ್ತಿನಿಂದ ಅವಳ ಕಾಯಿಲೆ ಅವಳೇ ಮಾಡಿಕೊಂಡದ್ದಾಯಿತು. ಮಾಡಿಕೊಂಡವಳು ಅನುಭವಿಸಲಿ ಎಂದು ಗಂಡನ ಮನೆಯವರು ಔಷಧಿಗೆ ಕರೆದುಕೊಂಡು ಹೋಗಲಿಲ್ಲ, ನಾನೂ ಕರೆದುಕೊಂಡು ಹೋಗಲಿಲ್ಲ. ಗಂಡ ಅವಳನ್ನು ಹೊರಗಿನ ಕೋಣೆಗೆ ಹಾಕಿದ. ಅವಳು ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಮಗಳನ್ನು ಓದಿಸಿದಳು. ನಮ್ಮ ಮನೆಗೆ ಬರುತ್ತಿದ್ದಳು, ಹೋಗುತ್ತಿದ್ದಳು. ಅಮ್ಮನ ಗುಡಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಈ ವರ್ಷ ವೈಶಾಖದ ಒಂದು ಬುಧವಾರ ಅಸ್ತರು ಬಟ್ಟೆ, ಜಿಪ್ಪು ತರಲು ಭಟ್ಕಳಕ್ಕೆ ಹೋಗಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮುರ್ಡೇಶ್ವರ ದಾಟುತ್ತಿದ್ದಂತೆ ಒಂದು ಕೆಮ್ಮು ಬಂತು. ಗಂಟು ಹೊರಗೆ ಬಂದದ್ದು ಎಷ್ಟು ಒತ್ತಿದರೂ ಒಳಗೆ ಹೋಗಲಿಲ್ಲ. ಕಲ್ಲಿನಂತೆ ಗಟ್ಟಿಯಾಯಿತು. ಬೆವರು ಹರಿಯಿತು, ವಾಂತಿಯಾಯಿತು. ಒಬ್ಬ ಹೆಂಗಸು ಎದ್ದು ಸೀಟು ಕೊಟ್ಟಳು. ಕಂಡಕ್ಟರ್, ‘ಎಂತಾತು ಅಣ್ಣ? ಹಾರ್ಟಾ?’ ಎಂದ. ಆ ನೋವಿನಲ್ಲೂ ಎಲ್ಲಿ ನೋವು ಎಂದು ಹೇಳಲು ನನಗೆ ನಾಚಿಕೆ! ಹೊಟ್ಟೆ ಎಂದೆ. ಶರಾವತಿ ಸೇತುವೆ ದಾಟುವಾಗ, ಇದೇ ನೀರಿಗೆ ಬೀಳಬಾರದೇಕೆ ಎನ್ನಿಸಿತು. ‘ತಪ್ಪನ್ನೂ ತೋರಿಸಲಿಲ್ಲ, ಸಾವನ್ನೂ ನೆಟ್ಟಗೆ ಕೊಡುತ್ತಿಲ್ಲ, ಎಂಥ ತಾಯಿ ನೀನು’ ಎಂದು ಅಮ್ಮನನ್ನು ಬೈದೆ. ಇದನ್ನೂ ಮುಚ್ಚಿಡುವುದಿಲ್ಲ.

ಹೊನ್ನಾವರದ ಆಸ್ಪತ್ರೆಯವರು ನೋಡಿ, ಸರ್ಜನ್ ಇವತ್ತು ಕುಮಟೆಯಲ್ಲಿದ್ದಾರೆ ಎಂದು ಆಂಬುಲೆನ್ಸಿಗೆ ಹಾಕಿದರು. ಸುದ್ದಿ ತಿಳಿದು ಓಡಿಬಂದ ಶಾರದಾ ಜೊತೆಗೆ ಹತ್ತಿದಳು. ದಾರಿಯಲ್ಲಿ ಧಾರೇಶ್ವರದ ದೇವಸ್ಥಾನ ಬಂತು ಎಂದು ಅವಳು ಕೈಮುಗಿದದ್ದು ನೆನಪಿದೆ. ಅಷ್ಟೇ. ಎಚ್ಚರವಾದಾಗ ಆಪರೇಶನ್ ಮುಗಿದಿತ್ತು. ಕರುಳು ಸಿಕ್ಕಿಹಾಕಿಕೊಂಡಿತ್ತು, ಇನ್ನೆರಡು ತಾಸು ತಡವಾಗಿದ್ದರೆ ಕಪ್ಪಾಗಿ ಕೊಳೆಯುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ.

ಮೂರನೆಯ ದಿನ ಬೆಳಿಗ್ಗೆ ನಾಗವೇಣಿ ಹೆಬಳೆಯಿಂದ ಮೊದಲ ಬಸ್ಸು ಹಿಡಿದು ಗಂಜಿ ತಂದಿದ್ದಳು. ಅದೇ ಹೊತ್ತಿಗೆ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸಿನವರು, ಮಾತು ಮಾತ್ರ ಖಡಕ್ಕು. ‘ಎಂಟು ತಿಂಗಳು ಯಾಕೆ ಬಿಟ್ಟಿರಿ?’ ಎಂದು ಕೇಳಿದರು.

‘ಭಾರ ಎತ್ತದೇ ಎಂತಕೆ ಬಂತು ಅಂತ ಗೊತ್ತಾಗಲಿಲ್ಲ ಡಾಕ್ಟ್ರೇ’ ಎಂದೆ.

‘ಟೈಲರ್ ಅಲ್ವಾ ನೀವು? ಹಾಗಾದರೆ ನಿಮಗೇ ಚೆನ್ನಾಗಿ ಅರ್ಥ ಆಗತ್ತೆ’ ಎಂದು ಅವರು ನನ್ನ ಹಾಸಿಗೆಯ ಚಾದರದ ಅಂಚು ಹಿಡಿದುಕೊಂಡರು. ‘ಹೊಟ್ಟೆಯ ಗೋಡೆಯೂ ಹೀಗೇ ನೂಲಿನಿಂದ ನೇಯ್ದದ್ದು. ಒಳಗಿನದೆಲ್ಲ ಅದರದರ ಜಾಗದಲ್ಲಿ ಹಿಡಿದಿಡೋದು ಆ ನೂಲು. ಅದರಲ್ಲಿ ದಪ್ಪ ಎಳೆ, ತೆಳು ಎಳೆ ಅಂತ ಇರತ್ತೆ. ಕೆಲವರಿಗೆ ಹುಟ್ಟಿನಿಂದಲೇ ತೆಳು ಎಳೆ ಜಾಸ್ತಿ. ವಯಸ್ಸಾಗ್ತಾ ಇನ್ನೂ ಸಡಿಲ ಆಗತ್ತೆ. ಬೀಡಿ ಸೇದಿದರೆ ಆ ನೂಲು ಬೇಗ ಹಾಳು, ಮೇಲಿಂದ ಕೆಮ್ಮು ಬೇರೆ ದಿನಾ ಒಳಗಿಂದ ತಳ್ಳತ್ತೆ. ಜನ ಎಲ್ಲಾನೂ ಭಾರ ಎತ್ತಿದ್ದರ ತಲೆಗೆ ಕಟ್ಟುತ್ತಾರೆ. ಮನೇಲಿ ಬೇರೆ ಯಾರಿಗಿತ್ತು?’

ನಮ್ಮ ಅಪ್ಪ ಸಾಯುವವರೆಗೂ ಲಂಗೋಟಿಯ ಒಳಗೆ ಬಟ್ಟೆಯ ಉಂಡೆ ಇಟ್ಟು ಕಟ್ಟಿಕೊಳ್ಳುತ್ತಿದ್ದರು. ಅದನ್ನು ಹೇಳಿದೆ. ‘ಆ ನೂಲು ಸಡಿಲ ಇದ್ದವರ ಕೀಲೂ ಸಡಿಲ ಇರತ್ತೆ’ ಎಂದು ಡಾಕ್ಟರಮ್ಮ ನನ್ನ ಹೆಬ್ಬೆರಳು ಹಿಡಿದು ಕೆಳಕ್ಕೆ ಬಗ್ಗಿಸಿದರು. ಅದು ಸಲೀಸಾಗಿ ಮಣಿಕಟ್ಟಿಗೆ ಮುಟ್ಟಿತು.

‘ನಂದೂ ಹಂಗೇ’ ಎಂದು ನಾಗವೇಣಿ ನಕ್ಕು ತನ್ನ ಹೆಬ್ಬೆರಳು ಬಗ್ಗಿಸಿ ತೋರಿಸಿದಳು. ಚಿಕ್ಕಂದಿನಲ್ಲಿ ಇಬ್ಬರೂ ಇದನ್ನೇ ತೋರಿಸಿ ಶಾಲೆಯ ಮಕ್ಕಳನ್ನು ಹೆದರಿಸುತ್ತಿದ್ದೆವು.

ಡಾಕ್ಟರಮ್ಮ ನಗಲಿಲ್ಲ. ಅವಳನ್ನೇ ನೋಡಿ ದನಿ ತಗ್ಗಿಸಿ ಏನೋ ಕೇಳಿದರು. ತಂಗಿಯ ಮುಖ ಇಳಿಯಿತು. ಪರದೆಯ ಆಚೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ಡಾಕ್ಟರಮ್ಮನಿಗೆ ಬಂದಿದ್ದ ಸಿಟ್ಟು ನನಗೆ ಬಡಿಯಿತು.

‘ಇಪ್ಪತ್ತೆರಡು ವರ್ಷ ಹೀಗೇ ಬಿಟ್ಟಿದ್ದೀರಾ ಇವರನ್ನ? ಹೆರಿಗೆ ಒಂದು ಕಾರಣ, ಸರಿ. ಆದರೆ ನಿಮಗೆ ಇರೋ ಅದೇ ನೂಲು ಇವರಿಗೂ ಇರೋ ಹಾಗಿದೆ. ಒಂದು ಕೊಡ ನೀರು ಎತ್ತಿದ್ದಕ್ಕೆ ಇಷ್ಟೆಲ್ಲ ಆಗಲ್ಲ ರೀ. ಯಾರು ಹೇಳಿದ್ದು ನಿಮಗೆ?’

ಯಾರು ಹೇಳಿದ್ದು? ಬ್ಲೌಸಿನ ಕಂಕುಳು ಬಿಟ್ಟುಕೊಂಡಿತು ಎಂದು ಗಿರಾಕಿ ಜಗಳಕ್ಕೆ ಬಂದಾಗಲೆಲ್ಲ, ‘ಹೊಲಿಗೆಯ ತಪ್ಪಲ್ಲ, ನಿಮ್ಮ ಬಟ್ಟೆಯಲ್ಲೇ ದಮ್ಮಿಲ್ಲ’ ಎಂದು ವಾದಿಸುವವನು ನಾನು. ಮೂವತ್ತು ವರ್ಷ ಅದೇ ಬಾಯಿಪಾಠ. ನನ್ನ ಒಡಹುಟ್ಟಿದವಳ ವಿಷಯದಲ್ಲಿ ಆ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಅಮ್ಮ ಅಂದು ಸುಳ್ಳು ಹೇಳಿರಲಿಲ್ಲ. ಭಾರ ಎತ್ತಿದ್ದಾಳೆಯೇ ಎಂದು ಕೇಳಿದೆ, ಎತ್ತಿದ್ದಾಳೆ ಎಂದಳು. ಅದರಿಂದಲೇ ಕಾಯಿಲೆ ಬಂತೇ ಎಂದು ಯಾರೂ ಕೇಳಲಿಲ್ಲ. ಉಳಿದದ್ದನ್ನೆಲ್ಲ ನಾನೇ ಸೇರಿಸಿ, ತೀರ್ಪಿನ ಕೆಳಗೆ ಅಮ್ಮನ ಹೆಸರು ಹಾಕಿದೆ. ನನ್ನ ತಪ್ಪು ತೋರಿಸು ಎಂದು ಎಂಟು ತಿಂಗಳು ಪೀಡಿಸಿದ್ದೆನಲ್ಲ, ತೋರಿಸಿದ್ದಳು. ನನ್ನ ತೊಡೆಯ ಸಂದಿಯ ಗಂಟಿನಲ್ಲಿ ಯಾವ ತಪ್ಪೂ ಇರಲಿಲ್ಲ. ನನ್ನ ತಪ್ಪು ತಂಗಿಯ ರೂಪದಲ್ಲಿ ಹಾಸಿಗೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಗಂಜಿಗೆ ಉಪ್ಪಿನಕಾಯಿ ಹಾಕುತ್ತಿತ್ತು.

ಡಾಕ್ಟರಮ್ಮ ಹೋದ ಮೇಲೆ ನಾನು, ‘ವೇಣಿ, ಕೊಡದಿಂದ ಅಲ್ಲವಂತೆ’ ಎಂದೆ.

‘ಕೇಳ್ತು’ ಎಂದಳು. ಉಪ್ಪಿನಕಾಯಿಯ ಡಬ್ಬಿ ಮುಚ್ಚಿ, ‘ಹಂಗಾರೆ ಇನ್ನು ಹೇಳೂಕೆ ಅಡ್ಡಿಲ್ಲ’ ಎಂದಳು.

‘ಎಂತದು?’

‘ಆಯಿಗೆ ಅವತ್ತು ಜ್ವರ. ಅತ್ತಿಗೆ ತವರಿಗೆ ಹೋಗಿತ್ತು. ಬಚ್ಚಲ ಹಂಡೆ ತೂತಾಗಿ ಹೊರಗಿನ ಒಲೆ ಮೇಲೆ ನೀರು ಕಾಸ್ತಿದ್ರು. ನೀನು ಬಚ್ಚಲಲ್ಲಿ ನಿಂತು ಅಂಗಡಿಗೆ ಹೊತ್ತಾತು, ನೀರು ತನ್ನಿ, ನೀರು ತನ್ನಿ ಅಂತ ಕೂಗ್ತೇ ಇದ್ದೆ. ಮತ್ಯಾರಿದ್ರು ಮನೇಲಿ?’

ನನಗೆ ಆ ದಿನ ನೆನಪೇ ಇಲ್ಲ. ನೀರು ಬಂದಿರಬೇಕು, ಮಿಂದಿರಬೇಕು, ಅಂಗಡಿಗೆ ಹೋಗಿರಬೇಕು. ಯಾರು ತಂದರು ಎಂದು ನೋಡುವ ಅಭ್ಯಾಸ ನನಗೆಲ್ಲಿತ್ತು?

‘ಗುಡಿಯಲ್ಲಿ ಎಂತಕೆ ಹೇಳಲಿಲ್ಲ?’ ಎಂದು ಕೇಳಿದೆ.

‘ಅಷ್ಟು ಜನರ ಎದುರಿಗೆ, ಅಣ್ಣಂಗೆ ಮೀಯೂಕೆ ನೀರು ಎತ್ತಿ ಹಿಂಗಾತು ಅಂದ್ರೆ, ನೀ ಜೀವಮಾನವಿಡೀ ಅದನ್ನ ಹೊತ್ತಕಂಡು ತಿರುಗ್ತಿದ್ದೆ. ಅದ್ಕೇ ಸುಮ್ನಾದೆ. ನೀನು ದೇವ್ರನ್ನ ಕೇಳ್ದೆ ಅಣ್ಣ. ನನ್ನ ಕೇಳಲೇ ಇಲ್ಲ.’

ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಅಳಬಾರದು. ಆದರೂ ಅತ್ತುಬಿಟ್ಟೆ. ಅವಳು ನನ್ನ ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿದಳು.

ಅದಾಗಿ ಎರಡು ತಿಂಗಳಿಗೆ ಕುಮಟೆಯಲ್ಲೇ ಅವಳ ಆಪರೇಶನ್ ಆಯಿತು. ಗಂಡ ಬರಲಿಲ್ಲ. ನಾನು, ಶಾರದಾ, ಅವಳ ಮಗಳು ಇದ್ದೆವು. ಈಗ ಹುಷಾರಾಗಿದ್ದಾಳೆ. ಹೆಬಳೆಗೆ ಹೋಗಿ ಅವಳ ಅತ್ತೆಯ ಮುಂದೆ ನಿಂತು, ಅಂದು ಪ್ರಶ್ನೆ ಕಟ್ಟಿದ್ದು ನಾನು, ತಪ್ಪು ನನ್ನದು ಎಂದು ಹೇಳಿ ಬಂದೆ. ಆ ಮುದುಕಿಗೆ ಈಗ ಕಿವಿ ಕೇಳುವುದಿಲ್ಲ. ಎರಡು ಸಲ ಕೂಗಿ ಹೇಳಿದೆ. ‘ಎಂತಾ, ಉಂಡ್ಯಾ?’ ಎಂದು ಕೇಳಿದರು. ಇಪ್ಪತ್ತೆರಡು ವರ್ಷ ತಡವಾಗಿ ಹೋದವನಿಗೆ ಅಷ್ಟೇ ದಕ್ಕಿದ್ದು. ಬೀಡಿ ಬಿಟ್ಟಿದ್ದೇನೆ.

ಕಳೆದ ಶುಕ್ರವಾರ ನಾಗವೇಣಿ ತಾನಾಗಿಯೇ ಅಮ್ಮನ ಗುಡಿಗೆ ಹೊರಟಳು. ಜೊತೆಗೆ ನಾನೂ ಹೋದೆ. ಅರ್ಚಕರು ಎಸಳು ಅಂಟಿಸಿ, ಎಂದಿನಂತೆ ನನ್ನ ಕಡೆ ನೋಡಿ, ‘ಎಂತ ಕೇಳೂದು?’ ಎಂದರು. ನಾನು ಬಾಯಿ ತೆರೆಯುವ ಮೊದಲು ನಾಗವೇಣಿ, ‘ಅಣ್ಣ, ನೀ ಹೊರಗೆ ನಿಲ್ಲು. ನಾನೇ ಕೇಳ್ತೆ’ ಎಂದಳು. ಹೊರಗೆ ನಿಂತೆ. ಒಳಗೆ ಅವಳು ಕಣ್ಣು ಮುಚ್ಚಿ ನಿಂತಿದ್ದಳು, ತುಟಿ ಅಲುಗಲಿಲ್ಲ. ಬಲಗಡೆಯ ಎಸಳು ಬಿದ್ದದ್ದು ನನಗೆ ಹೊಸಿಲಿನ ಈಚೆಯಿಂದ ಕಾಣಿಸಿತು.

ಅಮ್ಮ ನನ್ನ ಮೊರೆ ಕೇಳಿದಳು, ಜೀವ ಉಳಿಸಿದಳು. ಅವಳಿಗೆ ಕೋಟಿ ನಮಸ್ಕಾರ. ಅವಳ ಮೇಲಿನ ನಂಬಿಕೆ ನನಗೆ ಮೊದಲಿಗಿಂತ ಹೆಚ್ಚಾಗಿದೆ, ನನ್ನ ಮೇಲಿನದು ಹೋಗಿದೆ. ಹಿಂತಿರುಗುವಾಗ ಬಸ್ ಸ್ಟಾಪಿನಲ್ಲಿ ತಂಗಿಯನ್ನು, ‘ಎಂತ ಕೇಳ್ದೆ ವೇಣಿ?’ ಎಂದು ಕೇಳಿದೆ. ಅವಳ ಮನಸ್ಸಿನಲ್ಲಿ ಏನಿದೆ ಎಂದು ನಾನು ಕೇಳಿದ್ದು ಅದೇ ಮೊದಲು.

‘ಅದು ನಂಗೂ ಅಮ್ಮಂಗೂ’ ಎಂದು ಅವಳು ಬಸ್ ಹತ್ತಿದಳು.