ಮಾಕಳಿಯ ಮೆದೆಯಲ್ಲಿ ಹಿಮದ ಪರೀಕ್ಷೆ

ಎಂಬತ್ತರ ದಶಕದಲ್ಲಿ ನಾನು ಮಾಕಳಿ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದೆ. ನನ್ನ ಸಹಿ ಇಲ್ಲದೆ ಯಾವ ಸಾಮಾನೂ ಗೇಟು ದಾಟುವಂತಿರಲಿಲ್ಲ. ಒಂದು ಚಳಿಗಾಲ ನಮಗೆ ಹಿಮದ ಆರ್ಡರ್ ಬಂತು. ಹಿಮಾಲಯದ ಕಾವಲಿನವರಿಗೆ ಅಲ್ಯೂಮಿನಿಯಂ ಸಲಾಕೆ ಬೇಕು. ಗಿಡ್ಡ ತುಂಡುಗಳನ್ನು ಒಂದಕ್ಕೊಂದು ತಿರುಪಿ ಜೋಡಿಸಿದರೆ ಎರಡಾಳು ಉದ್ದ ಆಗಬೇಕು. ಅದನ್ನು ಹಿಮಕ್ಕೆ ಚುಚ್ಚಿ ಒಳಗಿನ ಪದರ ನೋಡುತ್ತಾರೆ, ಹಿಮ ಕುಸಿದರೆ ಹೂತುಹೋದವರನ್ನು ಹುಡುಕುತ್ತಾರೆ.

ನಮ್ಮಲ್ಲಿ ಹಿಮ ನೋಡಿದವರು ಒಬ್ಬರೂ ಇರಲಿಲ್ಲ, ಹಿಮದ ಬಗ್ಗೆ ಭಾಷಣ ಮಾಡದವರೂ ಇರಲಿಲ್ಲ. ಎಲ್ಲರಿಗಿಂತ ಮುಂದೆ ನಮ್ಮ ಮಾಲೀಕರು. ದೀಪಾವಳಿಗೆ ಮಂಕಿ ಕ್ಯಾಪ್ ಏರಿಸಿದರೆ ಶಿವರಾತ್ರಿಗೇ ಇಳಿಸುವ ಆಸಾಮಿ, "ಹಿಮ ಅಂದ್ರೆ ಏನಮ್ಮಾ? ಫ್ರಿಜ್ಜಲ್ಲಿ ಕಟ್ಕೊಳ್ಳುತ್ತಲ್ಲ, ಅದೇ ಸ್ವಲ್ಪ ಜಾಸ್ತಿ" ಎಂದು ತೀರ್ಪು ಕೊಟ್ಟರು. ಪರೀಕ್ಷೆಗೆ ಫ್ರಿಜ್ಜು ಸಾಲದೆ, ಪಕ್ಕದ ಹೊಲದ ಯಜಮಾನರ ರಾಗಿ ಮೆದೆಗೆ ಸಲಾಕೆ ಚುಚ್ಚಿಸಿದರು.

"ಏನ್ರಪ್ಪಾ, ದನ ತಿನ್ನೋ ವುಲ್ಲಿಗೆ ಯಾಕ್ ಇಂಗ್ ತಿವೀತೀರಾ? ನನ್ ಮೆದೆ ನಿಮಗೇನ್ ಪಾಪ ಮಾಡೈತೆ?" ಎಂದು ಯಜಮಾನರು ಕೂಗಾಡಿದರು. ಮಾಲೀಕರು ದೇಶಸೇವೆ ಎಂದು ಸಮಾಧಾನ ಹೇಳಿದರು.

ಕೂದಲೂ ತೂರದಷ್ಟು ಬಿಗಿ ತಿರುಪು ಮಾಡುವುದು ನಮ್ಮ ಕಾರ್ಖಾನೆಗೆ ಮಾನದ ಪ್ರಶ್ನೆ. ಕೊಳ್ಳುವವರ ಕಡೆಯ ಅಧಿಕಾರಿಯೂ ಬಂದರು, ಫಳಫಳ ಸಲಾಕೆಯಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಂಡರು, ಭರ್ತಿ ಊಟ ಹೊಡೆದು ಒಪ್ಪಿಗೆ ಕೊಟ್ಟು ಹೋದರು.

ಆಗ ನನ್ನ ತಮ್ಮ ರಜೆಗೆ ಬಂದಿದ್ದ. ಅವನು ಸಿಪಾಯಿ, ಅಂಥದ್ದೇ ಹಿಮದ ಬೆಟ್ಟದಲ್ಲಿ ಕಾವಲು. ಜಂಬಕ್ಕೆ ಒಂದು ಸಲಾಕೆ ಮನೆಗೆ ಒಯ್ದು ತೋರಿಸಿದೆ. ತಿರುಗಿಸಿ ನೋಡಿ ಮುಖ ಸಣ್ಣದು ಮಾಡಿಕೊಂಡ.

"ಅಕ್ಕಾ, ಹಿಮ ಒಂದೇ ದಿನ ಬೀಳಲ್ಲ. ಹಳೇದು ಗಟ್ಟಿಯಾಗಿರುತ್ತೆ, ಅದರ ಮೇಲೆ ಗಾಳಿ ಹೊಸದನ್ನ ತಂದು ಪೇರಿಸುತ್ತೆ. ಎರಡಕ್ಕೂ ನಂಟು ಬೆಳೆದಿರಲ್ಲ. ಮೇಲಿಂದ ಲಕ್ಷಣವಾಗೇ ಕಾಣುತ್ತೆ, ಕಾಲಿಟ್ರೆ ಇಡೀ ಹಾಸು ಜಾರ್ಕೊಂಡು ಬರುತ್ತೆ. ಆಮೇಲೆ ಇದನ್ನ ಮರಗಟ್ಟಿದ ಕೈಯಲ್ಲಿ ಜೋಡಿಸ್ಬೇಕು. ಇಷ್ಟು ಬಿಗಿ ಇದ್ರೆ ಒಂದು ಚೂರು ಐಸ್ ಸಿಕ್ಕಿದ್ರೂ ತಿರುಗಲ್ಲ. ಕೆಳಗಿರೋನು ಅಲ್ಲಿವರೆಗೆ ಉಸಿರು ಹಿಡ್ಕೊಂಡು ಕಾಯ್ತಾನಾ?"

ಅವನು ರಜೆ ಮುಗಿಸಿ ವಾಪಸ್ಸು ಅಲ್ಲಿಗೇ ಹೋದ.

ಸಾಮಾನು ಸಾಗಿಸುವ ದಿನ ನಾನು ಸಹಿ ಹಾಕಲಿಲ್ಲ. ತಿರುಪು ಸಡಿಲ ಮಾಡಿಸಬೇಕು ಅಂದೆ.

"ದೊಡ್ಡೋರೇ ಒಪ್ಪಿದಾರೆ, ನಿಂದೇನಮ್ಮಾ ಕಿರಿಕ್ಕು? ಲಾರಿ ನಿಂತಿದೆ. ಆ ಬೆಟ್ಟದೋರು ನೋಡ್ಕೊಂಡು ನಡೀಲಿ" ಎಂದು ಮಾಲೀಕರು ರೇಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು ಬಕೆಟ್ಟಿಗೆ ಸುರಿದೆ. "ಕೈ ಅದ್ದಿ ಸಾರ್. ಮರಗಟ್ಟಿದ ಮೇಲೆ ಜೋಡಿಸಿ ತೋರಿಸಿ, ಸಹಿ ಹಾಕ್ತೀನಿ." ಕೆಲಸಗಾರರೆಲ್ಲ ನೋಡುತ್ತಿದ್ದರು; ಹಿಂಜರಿದರೆ ಮರ್ಯಾದೆ ಹೋಗುತ್ತಿತ್ತು. "ಇಷ್ಟೇ ತಾನೇ?" ಎಂದು ವಾಚು ಬಿಚ್ಚಿಟ್ಟು ಅದ್ದಿದರು. ಅವರು ಕೈ ತೆಗೆದಾಗ ತಿರುಪಿನ ಮೇಲೆ ಐಸ್ ಪುಡಿ ಉದುರಿಸಿ ತುಂಡುಗಳನ್ನು ಕೊಟ್ಟೆ.

"ಈಗ ಕೆಳಗಿರೋಳು ನಾನು" ಎಂದು ಬಾಯಿ, ಮೂಗು ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಮೊದಲು ನಕ್ಕರು. ತಿರುಪು ಓರೆಯಾಗಿ ಸಿಕ್ಕಿಹಾಕಿಕೊಂಡಿತು. ಬಿಡಿಸಲು ಹೋದರೆ ತುಂಡು ಕೈಜಾರಿ ಬಿತ್ತು. ಯಾರೋ ಲೇತ್ ಮಿಷನ್ನು ನಿಲ್ಲಿಸಿದರು. ನನ್ನ ಕಿವಿ ಬಡಿದುಕೊಳ್ಳುತ್ತಿತ್ತು. "ಸಾಕು, ಉಸಿರು ಬಿಡಮ್ಮಾ" ಅಂದರು ಮಾಲೀಕರು. ತಲೆ ಅಲ್ಲಾಡಿಸಿದೆ. "ಬಿಡಮ್ಮಾ ತಾಯಿ!" ಎಂದು ಕಿರುಚುತ್ತಲೇ ಮರಗಟ್ಟಿದ ಕೈಯಲ್ಲೇ ತಿರುವಿದರು. ಕೊನೆಗೆ ನನ್ನಿಂದಾಗದೆ ಬಾಯಿ ತೆರೆದು ಗಾಳಿ ಎಳೆದುಕೊಂಡೆ. ಮೊದಲ ಎರಡು ತುಂಡೂ ಸೇರಿರಲಿಲ್ಲ.

ಅವರು ಮಂಕಿ ಕ್ಯಾಪ್ ಕಿತ್ತು ಮುಖದ ಬೆವರು ಒರೆಸಿಕೊಂಡರು.

"ನಿಮ್ಮೋರು ಯಾರಾದ್ರೂ ಅಲ್ಲಿದಾರೇನಮ್ಮಾ?"

"ತಮ್ಮ, ಸಾರ್."

ಅವರು ಗೇಟಿನವರೆಗೆ ತಾವೇ ನಡೆದುಹೋಗಿ, ಲಾರಿಯವನಿಗೆ ಖಾಲಿ ಹೋಗಪ್ಪಾ ಎಂದರು.