ಬುಧವಾರ ಸಂಜೆ ಒಡೆಸಾಗೆ ಬೇಕಾದ ತಜ್ಞರು

"ಅಮ್ಮಾ, ಮಿಸ್ ಒಡೆಸಾ ಬಂದ್ರು. ಯಾರ ಮನೆಗೆ ಬೆಂಕಿ ಬಿತ್ತು?"

ಕಿಟಕಿಗೆ ಮೂಗು ಒತ್ತಿ ನಿಂತಿದ್ದ ನಾಲ್ಕು ವರ್ಷದ ನಿಯಾ ಹೀಗೆ ಕೇಳಿದಾಗ ರೋಶೆಲ್‌ಗೆ ನಗು ಬಂತು. ಮಗುವಿನ ತಪ್ಪೇನಿಲ್ಲ. ಅಮೆರಿಕದ ಮಿಲ್ವಾಕಿ ನಗರದ ಉತ್ತರಕ್ಕೆ, ಕಪ್ಪು ಜನರೇ ಹೆಚ್ಚಿರುವ ಈ ಬೀದಿಗಳಿಗೆ ಟಿವಿ ವ್ಯಾನು ಬರುತ್ತಿದ್ದುದೇ ಬೆಂಕಿಗೋ ಗುಂಡಿನ ಸದ್ದಿಗೋ. ಪರದೆಯ ಮೇಲೆ ಕಪ್ಪು ಜನ ಅಳುತ್ತಿದ್ದರು. ಯಾಕೆ ಹೀಗಾಯಿತೆಂದು ಊರಾಚೆಯ ಬಿಳಿಯ ತಜ್ಞರು ವಿವರಿಸುತ್ತಿದ್ದರು.

ಇದನ್ನು ಬದಲಿಸಿಯೇ ತೀರುತ್ತೇನೆಂದು ಹಟ ಹಿಡಿದವಳು ಒಡೆಸಾ ಟಾಲಿವರ್. ಇಪ್ಪತ್ತೆರಡು ವರ್ಷದ ಹಿಂದೆ ಟಿವಿ ಚಾನೆಲ್ ಸೇರಿದಾಗ ಅಲ್ಲಿದ್ದ ಕಪ್ಪು ವರದಿಗಾರ್ತಿ ಅವಳೊಬ್ಬಳೇ. ಗುಂಗುರು ಕೂದಲನ್ನು ನೇರ ಮಾಡಿಸಿಕೊಂಡು ಬಾ ಎಂದರು; ಹನ್ನೊಂದು ವರ್ಷ ಮಾಡಿಸಿಕೊಂಡಳು. ಒಂದು ಸೋಮವಾರ ತಲೆತುಂಬ ಸಣ್ಣ ಜಡೆ ಹೆಣೆಸಿಕೊಂಡು ಕ್ಯಾಮೆರಾ ಮುಂದೆ ನಿಂತೇಬಿಟ್ಟಳು. ಭಾನುವಾರಗಳಲ್ಲಿ ಚರ್ಚಿನ ಊಟದ ಹೊತ್ತಿಗೆ ತಟ್ಟೆ ಹಿಡಿದು ಸುತ್ತುತ್ತ, "ಬ್ರದರ್, ನೀವು ಏನ್ ಕೆಲ್ಸ ಮಾಡೋದು?" ಎಂದು ವಿಚಾರಿಸಿ, ಹೃದಯದ ಡಾಕ್ಟರು, ಸೇತುವೆ ಎಂಜಿನಿಯರು, ವಕೀಲರು ಎಲ್ಲರ ಫೋನ್ ನಂಬರನ್ನೂ ಟಿವಿಗೆ ಕರೆಸಲೆಂದು ಬರೆದಿಟ್ಟುಕೊಂಡಳು.

ಈವತ್ತು ಚಳಿಗೆ ನೀರಿನ ಕೊಳವೆ ಒಡೆದು, ನೀರು ಕುದಿಸಿ ಕುಡಿಯಿರೆಂದು ನಗರಕ್ಕೆಲ್ಲ ಪ್ರಕಟಣೆಯಾಗಿತ್ತು. ಆರು ಗಂಟೆಯ ಸುದ್ದಿಗೆ ತಜ್ಞರನ್ನು ತಾನೇ ತರುವುದಾಗಿ ಒಡೆಸಾ ಸಂಪಾದಕ ಕರ್ಟ್ ಜೊತೆ ಜಗಳವಾಡಿ ಹೊರಟಿದ್ದಳು. ತರದಿದ್ದರೆ ಮತ್ತೆ ಅದೇ ಊರಾಚೆಯವರು.

"ಚರ್ಚಿನೋರು ಒಬ್ರೂ ಫೋನ್ ಎತ್ತಲ್ಲ ಕಣೇ!" ಬೂಟಿನ ಹಿಮ ಕೊಡವುತ್ತ ಒಡೆಸಾ ರೋಶೆಲ್ ಮನೆಯೊಳಗೆ ಬಂದಳು. "ದೀಪ ಕಾಣ್ತಿರೋದು ನಿನ್ ಮನೇಲಿ ಮಾತ್ರ. ನಿನ್ ನಲ್ಲಿನಾದ್ರೂ ತೋರ್ಸು, ಟಿವೀಲಿ ಅದನ್ನೇ ಹಾಕ್ತೀನಿ."

"ಬುಧವಾರ ಅಲ್ವಾ ಮಿಸ್ ಒಡೆಸಾ? ಎಲ್ರೂ ಬೈಬಲ್ ಪಾಠದಲ್ಲಿದಾರೆ. ನಿಯಾಗೆ ನೆಗಡಿ ಅಂತ ನಾನು ಉಳ್ಕೊಂಡೆ. ಒಂದೇ ಚರ್ಚಲ್ಲಿ ಎಲ್ಲಾ ತಜ್ಞರನ್ನ ಹುಡುಕಿದ್ರೆ ಇನ್ನೇನಾಗುತ್ತೆ? ಯಾವಾಗ್ಲೂ ಬೈತಿರ್ತೀರಲ್ಲ, ಆ ಕರ್ಟ್ ಥರಾನೇ ನೀವೂ ಒಂದೇ ಕಡೆ ಹುಡುಕೋರಾದ್ರಿ."

"ಬಾಯಿ ನೋಡು ಇವಳದು!"

ರೋಶೆಲ್ ಒಲೆಯ ಮೇಲಿನ ನೀರಿನ ಪಾತ್ರೆ ಇಳಿಸಿದಳು. "ಬರೀ ಬಿಸಿಯಾದ್ರೆ ಸಾಲ್ದು, ಒಂದು ನಿಮಿಷ ಕೊತಕೊತ ಕುದೀಬೇಕು. ನಾಳೆ ಎರಡನೇ ಸಲ ಪರೀಕ್ಷೆ ಮಾಡಿ, ಸರಿಯಿದ್ರೆ ಕುಡೀಬಹುದು ಅಂತ ನಾವೇ ಹೇಳ್ತೀವಿ."

"ನಾವು ಅಂದ್ರೆ?"

"ನಗರದ ನೀರು ಪರೀಕ್ಷೆ ಲ್ಯಾಬು. ನಾನು ಅಲ್ಲಿ ಸೇರಿ ಆರು ವರ್ಷ ಆಯ್ತು."

ಒಡೆಸಾ ಕುರ್ಚಿ ಎಳೆದುಕೊಂಡು ಕೂತಳು. "ನಂಗೆ ನೀನು ನಮ್ ಚರ್ಚಿನ ಡೆನೀಸ್ ಮಗಳು ಅಂತ ಮಾತ್ರ ಗೊತ್ತಿತ್ತು. ಯಾಕೇ ಹೇಳ್ಲಿಲ್ಲ?"

"ನೀವು ಕೇಳಿದ್ದು ಬರೀ ಬ್ರದರ್‌ಗಳನ್ನ. ನಾನು ಸೊಂಟದಲ್ಲಿ ಮಗು ಇಟ್ಕೊಂಡು ಮೆಕರೋನಿ ಬಡಿಸ್ತಿದ್ದೆ."

ಒಡೆಸಾ ಬಿದ್ದು ಬಿದ್ದು ನಕ್ಕಳು. ನಗು ನಿಂತಾಗ ಗಡಿಯಾರ ನೋಡಿದಳು: ಆರಕ್ಕೆ ಇನ್ನು ಇಪ್ಪತ್ತೇ ನಿಮಿಷ.

"ಮಗಳೇ, ನಿಮ್ ಸಾಹೇಬ್ರಿಗೆ ಫೋನ್ ಮಾಡಿ ಒಪ್ಪಿಗೆ ತಗೋ. ನಿಯಾನ ಎತ್ಕೊಂಡೇ ಬೇಕಾದ್ರೂ ಬಾ. ಎರಡೇ ನಿಮಿಷ ನಂಗೋಸ್ಕರ ಕ್ಯಾಮೆರಾ ಮುಂದೆ ನಿಂತ್ಕೋ. ಮೊದ್ಲು ನಿನ್ ಕೆಲ್ಸ ಏನು ಅಂತ ಹೇಳು, ಆಮೇಲೆ ಮನೆ ಇದೇ ಬೀದೀಲಿ ಅಂತ."