ದೊಡ್ಡಕ್ಕನ ಹೊಟ್ಟೆಯುರಿ

ಚರ್ಚಿನ ಹಿಂಭಾಗದಲ್ಲಿ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಆಶ್ರಯಧಾಮದಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹಾಸಿಗೆ ಹಿಡಿದ, ಹಿಂದೆಮುಂದೆ ಯಾರೂ ಇಲ್ಲದ ಹೆಂಗಸರ ಮನೆ ಅದು. ಮದುವೆಯಾದ ಹೊಸತರಲ್ಲಿ ನೆಲ ಒರೆಸುವ ಕೆಲಸಕ್ಕೆಂದು ಸೇರಿದವಳು ಈಗ ಕೆಳಗಿನ ವಾರ್ಡಿಗೆ ಮೇಲ್ವಿಚಾರಕಿ. ಓದು ಅಷ್ಟಕ್ಕಷ್ಟೆ. ಆದರೆ ಕೈ ಮಾತ್ರ ಪಳಗಿದ ಕೈ. ಎಂಥ ಭಾರದ ಮೈಯನ್ನೂ ಹೂವೆತ್ತಿದ ಹಾಗೆ ಎತ್ತಿ ಮಗ್ಗುಲಿಗೆ ಹೊರಳಿಸುತ್ತಿದ್ದಳು. ಅವಳ ವಾರ್ಡಿನಲ್ಲಿ ಯಾರ ಬೆನ್ನಿಗೂ ಹುಣ್ಣಾದದ್ದಿಲ್ಲ ಎಂದು ಡಾಕ್ಟರೇ ಹೇಳಿ ಹೋಗುತ್ತಿದ್ದರು. ಆ ಮಾತು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಅವಳು ಯಾವಾಗಲೂ ಏನಾದರೊಂದು ಕೆಲಸ ಮಾಡುತ್ತ ನಿಂತಿರುತ್ತಿದ್ದಳು.

ಧಾಮದ ಹಿರಿಯ ಕನ್ಯಾಸ್ತ್ರೀಯನ್ನು ಎಲ್ಲರೂ ಮದರ್ ಎನ್ನುತ್ತಿದ್ದರು. ದೇವರ ಪ್ರೀತಿ ಪ್ರಾರ್ಥನಾ ಕೋಣೆಯಲ್ಲೇ ಉಳಿದುಬಿಡಬಾರದು, ಮಲದ ಬಟ್ಟೆ ಬದಲಿಸುವ ಕೈಯಲ್ಲೂ ಇರಬೇಕು ಎನ್ನುವುದು ಅವರ ಹಟ. ಅದಕ್ಕೇ ಪ್ರತಿ ಶನಿವಾರ ಊಟವಾದ ಮೇಲೆ ಕುರ್ಚಿಗಳನ್ನು ಸುತ್ತಲೂ ಹಾಕಿಸಿ, ಕೆಲಸದವರನ್ನೆಲ್ಲ ಕೂರಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತಿದ್ದರು: “ಈ ವಾರ ನಿಮ್ಮ ಕೆಲಸದಲ್ಲಿ ಯೇಸುಸ್ವಾಮಿ ಎಲ್ಲಿದ್ರು?” ಅಡುಗೆಯವಳು ತಡವರಿಸುತ್ತಿದ್ದಳು, ಕಾವಲುಗಾರ ತಲೆ ಕೆರೆದುಕೊಳ್ಳುತ್ತಿದ್ದ. ದೊಡ್ಡಕ್ಕನ ಬಳಿ ಮಾತ್ರ ಉತ್ತರ ಸಿದ್ಧವಿರುತ್ತಿತ್ತು. ಶುಕ್ರವಾರ ಸಂಜೆ ಬಸ್ಸಿನಲ್ಲಿ ಕೂತೇ ಅದನ್ನು ಹೊಂದಿಸಿಕೊಳ್ಳುತ್ತಿದ್ದಳು. ತಾಳ್ಮೆಯ ಬಗ್ಗೆ ಒಂದು ವಾರ, ಕರುಣೆಯ ಬಗ್ಗೆ ಇನ್ನೊಂದು ವಾರ. ಮದರ್ ತಲೆದೂಗಿದರೆ ಅವಳಿಗೆ ಭಾನುವಾರವಿಡೀ ಹೊಟ್ಟೆ ತುಂಬಿದಂತಿರುತ್ತಿತ್ತು.

ಹೀಗಿರುವಾಗ ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಕೆಲಸ ಕಳೆದುಕೊಂಡಳು. ಒಂದೇ ಮನೆಯಲ್ಲಿ ದೊಡ್ಡಕ್ಕನ ಸಂಸಾರ ಕೆಳಗೆ, ಇವಳ ಸಂಸಾರ ಮೇಲೆ. ಇವಳು ಕೆಲಸಕ್ಕಿದ್ದ ಬೇಕರಿ ಮುಚ್ಚಿಹೋಗಿತ್ತು. ದೊಡ್ಡಕ್ಕ ತಾನಾಗಿಯೇ ಮದರ್ ಹತ್ತಿರ ಮಾತಾಡಿ ಅವಳನ್ನು ಧಾಮಕ್ಕೆ ಸೇರಿಸಿದಳು. ಅದರಲ್ಲಿ ಮರುಕವಿದ್ದದ್ದು ನಿಜ. ಮನೆಯಲ್ಲಿ ಸರಿಸಮವಾಗಿ ಓಡಾಡಿಕೊಂಡಿದ್ದವಳು ಇನ್ನು ಮುಂದೆ ತನ್ನ ಕೈಕೆಳಗೆ ಇರುತ್ತಾಳೆಂಬ ಸಣ್ಣ ಖುಷಿಯೂ ಇತ್ತು.

ಓರಗಿತ್ತಿಗೆ ಕೆಲಸ ಒಗ್ಗಲೇ ಇಲ್ಲ ಎನ್ನಬಹುದು. ಹಾಸಿಗೆಯ ಮೂಲೆ ಮಡಿಸಿದರೆ ತಲೆದಿಂಬು ಜಾರುತ್ತಿತ್ತು, ತಲೆದಿಂಬು ಸರಿ ಮಾಡಿದರೆ ನೀರಿನ ಲೋಟ ಉರುಳುತ್ತಿತ್ತು. ಏನಾದರೂ ಬಿದ್ದರೆ ಬೈಸಿಕೊಳ್ಳುವ ಮೊದಲೇ ತಾನೇ ಗೊಳ್ಳನೆ ನಗುತ್ತಿದ್ದಳು. ಬೆಳಗ್ಗೆ ತಡವಾಗಿ ಓಡೋಡಿ ಬಂದು, “ಅಯ್ಯೋ, ಬೈಬೇಡಿ ಅಕ್ಕಾ, ಬಸ್ಸಿಗೂ ನಂಗೂ ಆಗಿಬರಲ್ಲ” ಅನ್ನುತ್ತಿದ್ದಳು. ದೊಡ್ಡಕ್ಕ ಮೂಗು ಮುರಿದಳು. ಆದರೆ ಮುದುಕಿಯರು ದಿನ ಬೆಳಗಾದರೆ, “ಅವಳು ಬಂದ್ಲಾ? ನಗೋಳು ಬಂದ್ಲಾ?” ಎಂದು ಬಾಗಿಲ ಕಡೆ ಕತ್ತು ಚಾಚತೊಡಗಿದರು. ದೊಡ್ಡಕ್ಕ ಬರುವುದನ್ನು ಅವರು ಎಂದೂ ಹಾಗೆ ಕಾದಿರಲಿಲ್ಲ. ಅವಳು ತಪ್ಪದೆ ಬರುತ್ತಿದ್ದಳಲ್ಲ, ಕಾಯುವುದೇನಿತ್ತು?

ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸಿದ್ದಳು. ಜೀವನವಿಡೀ ಬಟ್ಟೆ ಹೊಲಿದವಳು, ಎಲ್ಲರಿಗೂ ಟೈಲರಮ್ಮ. ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಒಟ್ಟಿಗೇ ಹೋಗಿದ್ದವು. ಬಂದಾಗಿನಿಂದ ಅವಳಿಗೆ ಗಂಜಿ ಕುಡಿಸುತ್ತಿದ್ದವಳು ದೊಡ್ಡಕ್ಕ. ಬಿಗಿದ ತುಟಿಗಳ ನಡುವೆ ಚಮಚ ತೂರಿಸಿ, ಗಲ್ಲ ಒರೆಸಿ, ಮತ್ತೆ ಚಮಚ ತೂರಿಸಿ. ಆದರೂ ಟೈಲರಮ್ಮ ಒಂದು ದಿನವೂ ಅವಳ ಮುಖ ನೋಡಿದವಳಲ್ಲ. ಗಂಜಿ ಮುಗಿದೊಡನೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ‘ಇರಲಿ, ಒಂದಲ್ಲ ಒಂದು ದಿನ ಮಾತಾಡ್ತಾಳೆ. ಅವತ್ತು ಮೊದಲು ಕರೆಯೋದು ನನ್ನನ್ನೇ’ ಎಂದುಕೊಂಡಿದ್ದಳು ದೊಡ್ಡಕ್ಕ. ಶನಿವಾರದ ಸಭೆಗೆ ಆ ದಿನದ ಮಾತನ್ನೂ ಮನಸ್ಸಿನಲ್ಲಿ ಸಿದ್ಧ ಮಾಡಿ ಇಟ್ಟಿದ್ದಳು.

ಆ ದಿನ ಬಂದೇ ಬಂತು. ದೊಡ್ಡಕ್ಕ ಗಂಜಿಯ ಬಟ್ಟಲು ಹಿಡಿದು ವಾರ್ಡಿನ ಬಾಗಿಲಿಗೆ ಬಂದಾಗ ಓರಗಿತ್ತಿ ಟೈಲರಮ್ಮನ ಮಂಚದ ಮುಂದೆ ನೆಲ ಒರೆಸುತ್ತಿದ್ದಳು. ಅವಸರದಲ್ಲಿ ಏಪ್ರನ್ ಅನ್ನು ಒಳಗು ಹೊರಗು ಮಾಡಿ ತೊಟ್ಟಿದ್ದಳು. ಹೊಲಿಗೆಗಳೂ ದಾರದ ತುದಿಗಳೂ ಎದೆಯ ಮೇಲೆ ಎದ್ದು ಕಾಣುತ್ತಿದ್ದವು. ಟೈಲರಮ್ಮ ಅದನ್ನೇ ದುರುಗುಟ್ಟಿ ನೋಡಿದಳು. ಎಡಗೈ ಎತ್ತಿ ಬೆರಳು ತೋರಿಸಿದಳು. ಬಾಯಿ ಸೊಟ್ಟಗಾಯಿತು, ಗಂಟಲಲ್ಲಿ ಏನೋ ಉರುಳಾಡಿತು.

“ಉ... ಉಲ್ಟಾ!”

ಓರಗಿತ್ತಿ ತನ್ನ ಎದೆ ನೋಡಿಕೊಂಡು ಕಿಸಕ್ಕನೆ ನಕ್ಕಳು. ಟೈಲರಮ್ಮನೂ ನಕ್ಕಳು. ಅರ್ಧ ಮುಖ ಮಾತ್ರ ನಗುವ ನಗೆ. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಮದರ್ ಓಡಿ ಬಂದು ಇಬ್ಬರ ತಲೆಯನ್ನೂ ನೇವರಿಸಿದರು. ಬಾಗಿಲಲ್ಲಿ ನಿಂತಿದ್ದವಳ ಕೈಯಲ್ಲಿ ಗಂಜಿ ಆರುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ.

ಶನಿವಾರ ಮದರ್ ಮೊದಲು ಓರಗಿತ್ತಿಯನ್ನೇ ಕೇಳಿದರು.

“ನಂಗೆ ಯಾರೂ ಕಾಣ್ಲಿಲ್ಲ ಮದರ್” ಎಂದಳು ಅವಳು. “ನಾನು ಏಪ್ರನ್ ಉಲ್ಟಾ ಹಾಕ್ಕೊಂಡಿದ್ದೆ, ಅಷ್ಟೇ.”

ಎಲ್ಲರೂ ನಕ್ಕರು. ಮದರ್ ಕಣ್ಣೊರೆಸಿಕೊಂಡರು. ದೊಡ್ಡಕ್ಕನ ಸರದಿ ಬಂದಾಗ ಅವಳು ತಾಳ್ಮೆಯ ಬಗ್ಗೆ ಹೊಂದಿಸಿಕೊಂಡು ಬಂದಿದ್ದನ್ನು ಹೇಳಿದಳು. ಅಡುಗೆಯವಳು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಇನ್ನೂ ನಗುತ್ತಿದ್ದಳು.

ಅಂದು ಮನೆಯಲ್ಲಿ ಪಾತ್ರೆಗಳಿಗೆ ಒಳ್ಳೆಯ ಏಟು ಬಿದ್ದವು. ಬಸ್ಸು ರಿಪೇರಿ ಮಾಡುವ ಅವಳ ಗಂಡ ಸುಮ್ಮನಿರಲಾರದೆ, “ನಮ್ಮನೆಯವಳೇ ತಾನೇ? ಸೇರಿಸಿದವಳು ನೀನು. ನಿಂಗೂ ಒಳ್ಳೆ ಹೆಸರು ಬಂತಲ್ಲ” ಎಂದ.

“ಹೌದಪ್ಪ. ಉಣಿಸೋಕೆ ನಾನು, ತೊಳೆಯೋಕೆ ನಾನು. ಮಾತಾಡ್ಸೋಕೆ ಮಹಾರಾಣಿ!”

ಮೇಲಿನ ಮನೆಯಿಂದ ಓರಗಿತ್ತಿಯ ನಗು ಕೇಳಿಸಿತು. ಅವಳು ತನ್ನ ಮಕ್ಕಳೊಂದಿಗೆ ಯಾತಕ್ಕೋ ನಗುತ್ತಿದ್ದಿರಬೇಕು. ದೊಡ್ಡಕ್ಕನಿಗೆ ಮಾತ್ರ ಅದು ತನ್ನನ್ನೇ ಹಂಗಿಸಿದಂತೆ ಕೇಳಿತು. ಮೈಯೆಲ್ಲ ಉರಿಯಿತು. ಇಷ್ಟು ಕಾಲ ಬೆನ್ನು ಬಗ್ಗಿಸಿ ದುಡಿದದ್ದೆಲ್ಲ ನೀರಿಗೆ ಹಾಕಿದಂತಾಯಿತು, ಬಟ್ಟೆ ಸರಿಯಾಗಿ ತೊಡಲೂ ಬಾರದವಳೊಬ್ಬಳಿಗೆ ದೇವರು ಒಲಿದುಬಿಟ್ಟ ಎನ್ನಿಸಿತು. ಪ್ರಾರ್ಥನೆಗೆ ಕೂತರೆ ದೇವರೊಂದಿಗೇ ಜಗಳ.

ಸೋಮವಾರ ಅವಳು ಮದರ್ ಕೋಣೆಗೆ ಹೋದಳು. ಮಾತು ಬಲು ಮೆತ್ತಗಿತ್ತು.

“ಮದರ್, ಒಬ್ಬರಿಗೇ ಅಂಟಿಕೊಂಡ್ರೆ ಉಳಿದವರಿಗೆ ಅನ್ಯಾಯ ಆಗತ್ತೆ. ಇಲ್ಲಿ ಎಲ್ಲರೂ ದೇವರ ಮಕ್ಕಳೇ ಅಲ್ವಾ? ಅವಳಿಗೂ ತಲೆ ತಿರುಗಬಾರ್ದು. ಸ್ವಲ್ಪ ವಿನಯ ಕಲೀಲಿ ಅಂತ... ಬಟ್ಟೆ ಒಗೆಯೋ ಕಡೆ ಹಾಕೋಣ್ವಾ?”

ಮದರ್ ಅವಳನ್ನು ಒಂದು ಗಳಿಗೆ ನೋಡಿದರು. “ವಾರ್ಡಿನ ವಿಷಯ ನಿಮಗೆ ಗೊತ್ತು. ನಿಮಗೆ ಸರಿ ಅನ್ನಿಸಿದ್ರೆ ಹಾಗೇ ಮಾಡಿ” ಎಂದರು. ಆ ನಂಬಿಕೆ ಎಲ್ಲೋ ಚುಚ್ಚಿತು. ದೊಡ್ಡಕ್ಕ ಅದನ್ನು ಕೊಡವಿಕೊಂಡು ಹೊರಬಂದಳು.

ಓರಗಿತ್ತಿ ಎದುರಾಡಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಹಿತ್ತಲಿನ ಒಗೆಯುವ ಕೋಣೆಗೆ ಹೋದಳು. ಟೈಲರಮ್ಮ ಆ ದಿನವೆಲ್ಲ ಬಾಗಿಲು ನೋಡಿದಳು. ಮರುದಿನ ಗಂಜಿಯ ಚಮಚ ತುಟಿಗೆ ತಾಗುತ್ತಲೇ ಹಲ್ಲು ಕಚ್ಚಿದಳು. ಅದರ ಮರುದಿನವೂ ಅಷ್ಟೇ. ದೊಡ್ಡಕ್ಕ ತನಗೆ ಬಂದ ವಿದ್ಯೆಯೆಲ್ಲ ಖರ್ಚು ಮಾಡಿದಳು. ತಲೆ ಎತ್ತರಿಸಿ ನೋಡಿದಳು, ಗಂಜಿ ತೆಳ್ಳಗೆ ಮಾಡಿಸಿದಳು, ಸಕ್ಕರೆ ಬೆರೆಸಿದಳು, ಗದರಿದಳು, ಬೇಡಿಕೊಂಡಳು. ಟೈಲರಮ್ಮ ಕಚ್ಚಿದ ಹಲ್ಲು ಸಡಿಲಿಸಲಿಲ್ಲ. ಹೀಗೇ ಆದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಹೋದರು.

ಆ ಮಧ್ಯಾಹ್ನ ವಾರ್ಡು ಮಂಪರಿನಲ್ಲಿತ್ತು. ದೊಡ್ಡಕ್ಕ ಸುತ್ತಮುತ್ತ ನೋಡಿ ತನ್ನ ಏಪ್ರನ್ ಬಿಚ್ಚಿದಳು. ಒಳಗು ಹೊರಗು ಮಾಡಿ ತೊಟ್ಟಳು. ಟೈಲರಮ್ಮನ ಮುಂದೆ ನಿಂತು, ಕಾಣಲೆಂದು ಎದೆಯ ಮೇಲಿನ ಹೊಲಿಗೆಯನ್ನು ಕೈಯಿಂದ ಸವರಿ ಹುಳ್ಳಗೆ ನಕ್ಕಳು.

ಟೈಲರಮ್ಮ ನೋಡಿದಳು. ಏಪ್ರನ್ ನೋಡಿದಳು, ಆಮೇಲೆ ಮುಖ ನೋಡಿದಳು. ಬಂದಾಗಿನಿಂದ ಮೊದಲ ಸಲ ಅವಳು ದೊಡ್ಡಕ್ಕನ ಮುಖವನ್ನು ನೆಟ್ಟಗೆ ನೋಡಿದ್ದು ಆಗಲೇ. ಕೋಪವಿರಲಿಲ್ಲ, ನಗುವೂ ಇರಲಿಲ್ಲ. ಮೋಸದ ವ್ಯಾಪಾರಿಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕೆ ಸರಿಸುವವರ ಹಾಗೆ ನೋಡಿ ಗೋಡೆಯ ಕಡೆ ತಿರುಗಿಕೊಂಡಳು.

“ದೊಡ್ಡಕ್ಕಾ” ಎಂದಳು ಪಕ್ಕದ ಮಂಚದ ಅಜ್ಜಿ, ಪಾಪ, ಏನೂ ಅರಿಯದೆ. “ನಿಮ್ಮ ಏಪ್ರನ್ನೂ ತಿರುಗುಮುರುಗು ಆಗಿದೆ ಕಣಮ್ಮಾ.”

ದೊಡ್ಡಕ್ಕನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಏಪ್ರನ್ ಸರಿಮಾಡಿಕೊಳ್ಳಲೂ ನಿಲ್ಲದೆ ಹಿತ್ತಲಿಗೆ ನಡೆದಳು.

ಒಗೆಯುವ ಕೋಣೆಯ ಯಂತ್ರ ಒಗೆಯುತ್ತಿತ್ತೇ ಹೊರತು ಹಿಂಡುವುದನ್ನು ಎಂದೋ ಬಿಟ್ಟಿತ್ತು. ಓರಗಿತ್ತಿ ಒಂದು ಹಾಸಿಗೆ ಬಟ್ಟೆಯೊಂದಿಗೆ ಒಬ್ಬಳೇ ಹೆಣಗುತ್ತಿದ್ದಳು. ದೊಡ್ಡಕ್ಕ ಬಂದದ್ದನ್ನು ಕಂಡಳು. ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಎರಡು ಕಡೆಯಿಂದ ತಿರುಚತೊಡಗಿದರು.

“ಟೈಲರಮ್ಮ ಊಟ ಬಿಟ್ಟಿದ್ದಾಳೆ” ಎಂದಳು ದೊಡ್ಡಕ್ಕ.

“ಕೇಳ್ದೆ.”

“ನೀನು ಬಾ.”

ಓರಗಿತ್ತಿ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ತಿರುಚಿದಳು. “ನನ್ನ ಇಲ್ಲಿಗೆ ಯಾಕೆ ಹಾಕಿಸಿದ್ರಿ ಅಕ್ಕಾ?”

“ಎಲ್ಲರೂ ಸಮ ಅಂತ... ವಿನಯ ಕಲೀಲಿ ಅಂತ...”

“ಮದರ್ ಮುಂದೆ ಹೇಳಿದ ಮಾತು ನನ್ನ ಮುಂದೆ ಬೇಡ. ಮನೇಲಿ ಹೇಗೆ ಮಾತಾಡ್ತೀರೋ ಹಾಗೆ ಹೇಳಿ.”

ನೀರು ಇಬ್ಬರ ಕಾಲ ಮೇಲೂ ಸುರಿಯಿತು. ದೊಡ್ಡಕ್ಕ ತುದಿಯನ್ನು ಬಿಡಲೂ ಆಗದೆ, ಹಿಡಿಯಲೂ ಆಗದೆ ನಿಂತಳು.

“ಹೊಟ್ಟೆ ಉರೀತು ಕಣೇ.”

“ತುಂಬಾನಾ?”

“ತುಂಬಾ.”

“ಈಗ?”

ಸುಳ್ಳು ಹೇಳಬಹುದಿತ್ತು. “ಈಗಲೂ ಉರೀತಿದೆ” ಎಂದಳು ದೊಡ್ಡಕ್ಕ.

ಓರಗಿತ್ತಿ ಅವಳ ಏಪ್ರನ್ ನೋಡಿದಳು. ಏನು ನಡೆದಿರಬಹುದೆಂದು ಹೊಳೆದಿರಬೇಕು. ಆದರೆ ಎಲ್ಲದಕ್ಕೂ ನಗುವವಳು ಅದಕ್ಕೆ ನಗಲಿಲ್ಲ. “ನಂಗೆ ತುಂಬಾ ನೋವಾಗಿದೆ ಅಕ್ಕಾ. ಇವತ್ತು ಕೇಳ್ಕೊಂಡ್ರಿ ಅಂತ ಇವತ್ತೇ ಹೋಗಲ್ಲ ಅದು. ಆದ್ರೆ ನಮ್ಮಿಬ್ಬರ ಮಧ್ಯೆ ಆ ಮುದುಕಿ ಯಾಕೆ ಉಪವಾಸ ಬೀಳ್ಬೇಕು? ಇರಿ, ಇದನ್ನ ಹರವಿ ಬರ್ತೀನಿ.”

ಓರಗಿತ್ತಿ ಗಂಜಿ ಕುಡಿಸಿದ್ದು ಏನೇನೂ ಚೆನ್ನಾಗಿರಲಿಲ್ಲ. ಅರ್ಧ ಹೊಟ್ಟೆಗೆ ಹೋದರೆ ಅರ್ಧ ಹೊದಿಕೆಗೆ ಹೋಯಿತು. ಆದರೆ ಟೈಲರಮ್ಮ ಬಾಯಿ ತೆರೆದಳು. ದೊಡ್ಡಕ್ಕ ಮಂಡಿಯೂರಿ ನೆಲಕ್ಕೆ ಬಿದ್ದದ್ದನ್ನು ಒರೆಸಿದಳು. ತಲೆಯ ಮೇಲೆ ಅವರಿಬ್ಬರ ನಗು ಕೇಳಿಸುತ್ತಿತ್ತು. ಆ ನಗು ಹೊಟ್ಟೆಯೊಳಗೆ ಕೆಂಡದಂತೆ ಉರುಳುತ್ತಿದ್ದರೂ ಅವಳು ನೆಲ ಒಣಗುವವರೆಗೆ ಒರೆಸಿದಳು.

ಸಂಜೆ ಮದರ್ ಮುಂದೆ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. “ನನ್ನನ್ನೇ ಬಟ್ಟೆ ಒಗೆಯೋ ಕಡೆ ಹಾಕಿ ಮದರ್” ಎಂದಳು.

“ಬಟ್ಟೆ ಒಗೆಯೋದು ಶಿಕ್ಷೆ ಅಂತ ಯಾರು ಹೇಳಿದ್ರು? ಅಲ್ಲಿ ದಿನಾ ಕೆಲಸ ಮಾಡೋರು ಕೇಳಿದ್ರೆ ಏನಂದ್ಕೊಂಡಾರು?” ಮದರ್ ಮುಖ ಗಂಟಿಕ್ಕಿದರು. “ನಂಗೆ ಅವತ್ತೇ ಅನುಮಾನ ಬಂದಿತ್ತು. ಕೇಳಬೇಕಿತ್ತು, ಕೇಳ್ಲಿಲ್ಲ. ಅದು ನನ್ನ ತಪ್ಪು. ನೀವು ವಾರ್ಡಿನಲ್ಲೇ ಇರಿ. ಅವಳೂ ವಾಪಸ್ ಬರ್ಲಿ, ಅವಳ ಪಕ್ಕದಲ್ಲೇ ಕೆಲಸ ಮಾಡಿ. ಕಷ್ಟ ಆಗತ್ತೆ, ಗೊತ್ತು.”

ಆ ಶನಿವಾರ ಅವಳು ಏನನ್ನೂ ಹೊಂದಿಸಿಕೊಂಡು ಹೋಗಿರಲಿಲ್ಲ. ಸರದಿ ಬಂದಾಗ ನೆಲ ನೋಡುತ್ತ, “ಈ ವಾರ ನನ್ನ ಕೆಲಸದಲ್ಲಿ ಯೇಸುಸ್ವಾಮಿ ಇರ್ಲಿಲ್ಲ. ನಾನೇ ಆಚೆ ಕಳಿಸಿದ್ದೆ. ಅದೂ ಅವರ ಹೆಸರು ಹೇಳ್ಕೊಂಡೇ” ಎಂದಳು. ಕಾವಲುಗಾರ ಕೆಮ್ಮಿದ. ಮದರ್ ತಲೆದೂಗಲಿಲ್ಲ. ಮುಂದಿನವರನ್ನು ಕೇಳಿದರು.

ಓರಗಿತ್ತಿ ಬಹಳ ದಿನ ಮನೆಯಲ್ಲಿ ಮಾತು ಬಿಟ್ಟಿದ್ದಳು. ಬೇಕಾದದ್ದನ್ನು ಮಕ್ಕಳ ಕೈಲಿ ಕೇಳಿ ಕಳಿಸುತ್ತಿದ್ದಳು. ಆಮೇಲೊಂದು ಸಂಜೆ ತಾನೇ ಇಳಿದು ಬಂದು, ಬಾಗಿಲಿಗೆ ಒರಗಿ, ಗಂಡನ ಗೊರಕೆಯ ಬಗ್ಗೆ ದೂರಲು ಶುರು ಮಾಡಿದಳು. ದೊಡ್ಡಕ್ಕ ತನ್ನ ಗಂಡನ ಗೊರಕೆ ಅದಕ್ಕಿಂತ ಜೋರು ಎಂದಳು. ಅಲ್ಲಿಗೆ ಮಾತು ಮತ್ತೆ ಕೂಡಿತು.

ಟೈಲರಮ್ಮನಿಗೆ ಮಾತು ಒಂದೊಂದಾಗಿ ಮರಳಿತು. ನೀರು, ಕಿಟಕಿ, ಸಾಕು. ಓರಗಿತ್ತಿಗೊಂದು ಅಡ್ಡಹೆಸರನ್ನೂ ಇಟ್ಟಳು. ದೊಡ್ಡಕ್ಕನನ್ನು ಕೊನೆಯವರೆಗೂ ಕರೆಯಲೇ ಇಲ್ಲ. ಬೆನ್ನು ತೊಳೆಯುವಾಗ, ಮಗ್ಗುಲು ಬದಲಿಸುವಾಗ ಮಾತ್ರ ಆ ಕೈಗೆ ಮೈಯನ್ನು ಸಡಿಲ ಬಿಡುತ್ತಿದ್ದಳು. ಅದು ಪ್ರೀತಿಯೋ ಬರೀ ಅಭ್ಯಾಸವೋ ದೊಡ್ಡಕ್ಕನಿಗೆ ತಿಳಿಯಲಿಲ್ಲ. ತಿಳಿಯಬೇಕೆಂಬ ಆಸೆ ಇತ್ತು. ಒಂದು ದಿನ ಟೈಲರಮ್ಮ ನಿದ್ದೆಯಲ್ಲೇ ತೀರಿಕೊಂಡಳು. ಇಬ್ಬರೂ ಸೇರಿ ಅವಳ ಮೈ ತೊಳೆದರು.

ಅದಾಗಿ ಕೆಲವು ದಿನಕ್ಕೆ ಅದೇ ಮಂಚಕ್ಕೆ ಹೊಸಬಳೊಬ್ಬಳು ಬಂದಳು. ಮುಟ್ಟಲು ಹೋದವರನ್ನೆಲ್ಲ ಪರಚುತ್ತಿದ್ದಳು. ಓರಗಿತ್ತಿ ಹಿಂದೆ ಸರಿದು, “ಅಕ್ಕಾ, ನೀವೇ ಮೊದಲು ಹೋಗಿ” ಎಂದಳು.

ದೊಡ್ಡಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಪರಚುವ ಹೆಂಗಸು ಅವಳ ಕಡೆ ನೋಡಲಿಲ್ಲ. ಅವಳ ಹೆಗಲ ಮೇಲಿಂದ ಹಿಂದಿದ್ದವಳನ್ನು ಕುತೂಹಲದಿಂದ ನೋಡುತ್ತಿದ್ದಳು.

“ನೀನೇ ಹೋಗು” ಎಂದಳು ದೊಡ್ಡಕ್ಕ. ಒಳಗೆ ಎಲ್ಲೋ ಚುರ್ ಎಂದಿತು. ಬಕೆಟ್ ಎತ್ತಿಕೊಂಡು ಬಿಸಿನೀರು ತರಲು ಹೋದಳು.